ಹಿಮದ ಊರಲ್ಲಿ ಮೊದಲ ಗಿಡ: ಶಿರಸಿ ಕಡೆಯಿಂದ ಬಂದವರಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಕೆನಡಾದ ವಿನ್ನಿಪೆಗ್‌ಗೆ ಬಂದವರಿಗೆ ನಾನು ಹೇಳುವ ಮೊದಲ ಮಾತು ಇದು. ಹಿತ್ತಿಲು ಸಿಕ್ಕ ವರ್ಷವೇ ಒಂದು ಸೇಬಿನ ಗಿಡ ನೆಡಿ. ನಾವು "ಹೇಗೂ ಊರಿಗೆ ವಾಪಸ್ ಹೋಗುವವರಲ್ವಾ" ಅಂತ ಏಳು ವರ್ಷ ಸುಮ್ನೆ ಕೂತೆವು. ಹೋಗಲೂ ಇಲ್ಲ, ನೆಡಲೂ ಇಲ್ಲ. ಆ ಏಳು ವರ್ಷ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ತಂದದ್ದು ದೊಡ್ಡ ಹಣ್ಣಿನ ಜಾತಿ. ಗಿಡ ಎಷ್ಟು ಚಳಿ ತಡೆಯುತ್ತದೆ ಅಂತ ಹೇಳುವ, ಚೀಟಿಯಲ್ಲಿದ್ದ ಚಳಿ ವಲಯದ ಸಂಖ್ಯೆ ನೋಡಲಿಲ್ಲ. ಸಂಖ್ಯೆ ಕಡಿಮೆಯಾದಷ್ಟೂ ಹೆಚ್ಚು ಚಳಿ ತಡೆಯುತ್ತದೆ. ಇಲ್ಲಿಗೆ ವಲಯ 3 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಒಂದೇ ಚಳಿಗಾಲಕ್ಕೆ ಒಣಗಿತು.

ಎರಡನೆಯದು ಡಾಲ್ಗೋ. ಸಣ್ಣ, ಕೆಂಪು, ಹುಳಿ ಹಣ್ಣಿನ ಕ್ರ್ಯಾಬ್ ಆಪಲ್. ಅಮೆರಿಕದ ಸಸ್ಯತಜ್ಞ ನೀಲ್ಸ್ ಹ್ಯಾನ್ಸನ್ ಎಂಬುವರು ರಷ್ಯಾದಿಂದ ತಂದ ಬೀಜದಿಂದ ಬೆಳೆಸಿ 1917ರಲ್ಲಿ ಹೊರತಂದ ಜಾತಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಚಳಿ ಕೊಲ್ಲದ ಆ ಗಿಡವನ್ನು ನಾನು ಕೊಂದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಬೆಳೆದವನು, ಬೋಳು ಬುಡ ನೋಡಿ ತಡೆಯಲಾಗಲಿಲ್ಲ. ಅಡಿಕೆ ಮರಕ್ಕೆ ಹಾಕಿದ ಹಾಗೆ ಅಕ್ಟೋಬರಿನಲ್ಲಿ ಕಾಂಡಕ್ಕೆ ತಾಗಿಸಿ ದರಕು, ಅಂದರೆ ಉದುರಿದ ಒಣ ಎಲೆ, ಒಟ್ಟಿದೆ. ಹಿಮ ಮುಚ್ಚಿದ ಮೇಲೆ ಅದರೊಳಗೆ ಇಲಿಗಳು ಗೂಡು ಮಾಡಿದವು. ಏಪ್ರಿಲಿನಲ್ಲಿ ನೋಡಿದರೆ ಬುಡದ ತೊಗಟೆ ಸುತ್ತಲೂ ಕೊರೆದುಹೋಗಿತ್ತು. ಹಾಗಾದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದಿಲ್ಲ, ಗಿಡ ಉಳಿಯುವುದಿಲ್ಲ. ಸೊಪ್ಪು ಹಾಕಿ ಗಿಡ ಸತ್ತಿತು ಅಂದರೆ ಅಪ್ಪಯ್ಯ ನಂಬಲೇ ಇಲ್ಲ.

ನೀವು ದರಕು ಹಾಕಿ, ಆದರೆ ಕಾಂಡದಿಂದ ಒಂದು ಗೇಣು ದೂರ ಬಿಡಿ. ಕಾಂಡಕ್ಕೆ ಸಣ್ಣ ಕಣ್ಣಿನ ತಂತಿ ಬಲೆ ಸುತ್ತಿ. ಬಲೆ ಎತ್ತರ ಇರಲಿ, ಮೊಲಗಳು ಹಿಮದ ಮೇಲೆ ನಿಂತು ಮೇಲಿನ ತೊಗಟೆ ತಿನ್ನುತ್ತವೆ. ಜುಲೈ ಕಳೆದ ಮೇಲೆ ಗೊಬ್ಬರ ಬೇಡ. ಎಳೆ ಚಿಗುರು ಚಳಿ ಬರುವಷ್ಟರಲ್ಲಿ ಬಲಿಯುವುದಿಲ್ಲ. ಅಗೆಯುವ ಮುಂಚೆ ಗ್ಯಾಸ್ ಲೈನ್ ಗುರುತು ಹಾಕಿಸಿಕೊಳ್ಳಿ.

ಹಾಗೇ ತಿನ್ನಲು ಹಣ್ಣು ಬೇಕಾದರೆ ಕೆರ್ ಎಂಬ ಗಿಡ ಹುಡುಕಿ. ಡಾಲ್ಗೋ ಮತ್ತು ಹ್ಯಾರಲ್ಸನ್ ಎಂಬ ಸೇಬು ಕೂಡಿಸಿ ಮಾಡಿದ ಜಾತಿ, ಹುಳಿ ಕಡಿಮೆ. ಎರಡು ಬೇರೆ ಜಾತಿ ಹತ್ತಿರ ಇದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ.

ನನಗೆ ಬೇಕಿದ್ದದ್ದು ಹುಳಿಯೇ. ಮತ್ತೆ ಡಾಲ್ಗೋ ನೆಟ್ಟೆ. ಅದು ಉಳಿಯಿತು. ಮೊದಲ ಫಸಲಿಗೆ ಊರಿನ ಮಾವಿನ ಮಿಡಿ ಅಪ್ಪೆಮಿಡಿಯ ಹಾಗೆ ಉಪ್ಪಿನಲ್ಲಿ ಹಾಕಿದೆ. ತಿಂಗಳಲ್ಲಿ ಮೆತ್ತಗಾಯಿತು. ಮಿಡಿಯ ಆ ಸೊನೆಯ ಪರಿಮಳ ಇದಕ್ಕೆ ಎಲ್ಲಿಂದ ಬರಬೇಕು? ಅದು ಅಘನಾಶಿನಿ ಹೊಳೆ ದಂಡೆಯಲ್ಲೇ ಉಳಿಯಿತು. ಆದರೆ ಬೇಯಿಸಿ, ಹಿಂಡಿ, ಇಂಗು ಸಾಸಿವೆ ಸೂಜಿಮೆಣಸಿನ ಒಗ್ಗರಣೆ ಕೊಟ್ಟರೆ ಮಾವಿನ ಹುಳಿ ಸಾರು ಅಪ್ಪೆಹುಳಿಯ ಹಾಗೇ ಕುಡಿಯಬಹುದು.

ಮಗಳು ಇಲ್ಲೇ ಹುಟ್ಟಿದವಳು. ಮಿಡಿಮಾವಿನ ಮರ ಹತ್ತಿದವಳಲ್ಲ. ಅಪ್ಪೆಹುಳಿ ಅಂದರೆ ಅವಳಿಗೆ ಈ ಕೆಂಪು ಹುಳಿಯೇ. ಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ. ಆಗಸ್ಟ್ ಕೊನೆಗೆ ಹಣ್ಣಾಗುತ್ತದೆ. ಚೀಲ ಹಿಡಿದು ಬನ್ನಿ, ಅವಳೇ ಕೊಯ್ದು ಕೊಡುತ್ತಾಳೆ.