ಹಗ್ಗ ಬಿಗಿದಿದೆಯೋ, ಸಡಿಲವೋ

ಡಚ್ ಕಲಾವಿದ ರೈನಿಯರ್ ನೋಮ್ಸ್ ತನ್ನ ಚಿತ್ರಗಳಿಗೆ ‘ಝೇಮಾನ್’ ಎಂದು ಸಹಿ ಹಾಕುತ್ತಿದ್ದ. ಡಚ್ಚಿನಲ್ಲಿ ನಾವಿಕ ಎಂದರ್ಥ. 1650ರ ದಶಕದಲ್ಲಿ ಆಮ್‌ಸ್ಟರ್‌ಡಾಮಿನ ಹಡಗು, ದೋಣಿಗಳನ್ನು ಅವನು ಸಾಲುಸಾಲಾಗಿ ಎಚ್ಚಿಂಗ್ ಮಾಡಿದ. ಮೇಣ ಬಳಿದ ತಗಡಿನ ಮೇಲೆ ಸೂಜಿಯಿಂದ ಗೆರೆ ಎಳೆದು, ಆ ಗೆರೆಗಳನ್ನು ಆಸಿಡ್‌ನಲ್ಲಿ ಕೊರೆಯಿಸಿ, ಶಾಯಿ ತುಂಬಿ ಕಾಗದಕ್ಕೆ ಒತ್ತುವ ವಿಧಾನ ಅದು. ವರ್ಷಗಟ್ಟಲೆ ನೋಡಿದ್ದರೂ ಆ ಚಿತ್ರಗಳು ನನಗೆ ದಕ್ಕಿದ್ದು, ಒಂದನ್ನು ಸತುವಿನ ತಗಡಿನ ಮೇಲೆ ನಕಲು ಮಾಡಲು ಕೂತಾಗ.

ದೋಣಿಯ ಒಡಲಿನಲ್ಲಿ ಗೆರೆಗಳು ಹಲಗೆ ಬಾಗಿದ ಕಡೆಗೇ ಬಾಗುತ್ತವೆ. ಅವುಗಳ ಮೇಲೆ ಅಡ್ಡಗೆರೆಯ ಇನ್ನೊಂದು ಪದರ ಬಿದ್ದಾಗ ಟಾರು ಬಳಿದ ಮರದ ಕಪ್ಪು ಬರುತ್ತದೆ. ಹಾಯಿಗೆ ಮಡಿಕೆ ಬಿದ್ದಲ್ಲಿ ಮಾತ್ರ ಒಂದಿಷ್ಟು ಗೆರೆ, ಉಳಿದದ್ದು ಬರೀ ಕಾಗದ. ಹಗ್ಗಗಳನ್ನಂತೂ ಭೂತಗನ್ನಡಿ ಹಿಡಿದೇ ನೋಡಬೇಕು. ಬಿಗಿದ ಹಗ್ಗ ಒಂದೇ ಉಸಿರಿಗೆ ಎಳೆದ ಗೆರೆ. ಸಡಿಲವಾದದ್ದು ನಡುವೆ ಕೂದಲೆಳೆಯಷ್ಟು ಜೋತಿರುತ್ತದೆ. ಹಗ್ಗ ಹಿಡಿದು ಗೊತ್ತಿದ್ದ ಕೈ ಅದು ಎಂದೇ ನನ್ನ ನಂಬಿಕೆ.

ನಾನು ಸೋತದ್ದು ನೀರಿನಲ್ಲಿ. ನೀರು ತುಂಬಿಕೊಂಡಂತೆ ಕಾಣಲಿ ಎಂದು ಒತ್ತೊತ್ತಾಗಿ ಗೆರೆ ಎಳೆದಿದ್ದೆ. ಆಸಿಡ್‌ನಲ್ಲಿ ಗೆರೆಗಳ ನಡುವಿನ ಮೇಣದ ಲೇಪವೇ ಎದ್ದುಹೋಗಿ ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಪ್ರಿಂಟ್ ತೆಗೆದರೆ ದೋಣಿಯ ಕೆಳಗೆ ಕೆಸರಿನಂಥ ಮಚ್ಚೆ. ಮತ್ತೆ ಮೂಲವನ್ನು ನೋಡಿದೆ. ಒಡಲಿನ ನೆರಳು ಬಿದ್ದಲ್ಲಿ ತುಂಡು ತುಂಡಾದ ಅಡ್ಡಗೆರೆ, ದೂರ ಹೋದಂತೆ ಗೆರೆಗಳ ನಡುವೆ ಇನ್ನಷ್ಟು ಜಾಗ, ಆಮೇಲೆ ಖಾಲಿ. ಆ ಖಾಲಿಯೇ ನೀರು! ಅಷ್ಟು ದಿನ ನಾನು ನೋಡಿದ್ದು ಗೆರೆಗಳನ್ನು ಮಾತ್ರ.

ಶಾರ್ಲ್ ಮೆರ್ಯೋನ್ ಎಂಬ 19ನೇ ಶತಮಾನದ ಫ್ರೆಂಚ್ ಕಲಾವಿದ ಹಿಂದೆ ನೌಕಾಪಡೆಯಲ್ಲಿದ್ದವನು. ಬಣ್ಣಗುರುಡಿದ್ದ ಅವನು ಝೇಮಾನನ ಎಚ್ಚಿಂಗ್‌ಗಳನ್ನು ನಕಲು ಮಾಡುತ್ತಲೇ ಕೈ ಪಳಗಿಸಿಕೊಂಡ. ತನ್ನ ಪ್ಯಾರಿಸ್ ಚಿತ್ರಮಾಲೆಯನ್ನು ಅವನಿಗೇ ಅರ್ಪಿಸಿದ. ಇದು ತಿಳಿದ ಮೇಲೆ ನಕಲು ಮಾಡಲು ನನಗಿದ್ದ ಸಂಕೋಚ ಹೋಯಿತು.

ಎರಡನೇ ತಗಡಿನಲ್ಲಿ ನೀರಿನ ಗೆರೆಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿದೆ. ದೂರದ ಹಾಯಿಕಂಬಗಳನ್ನು ಐದು ನಿಮಿಷ ಮಾತ್ರ ಆಸಿಡ್‌ನಲ್ಲಿಟ್ಟು, ಹೊರತೆಗೆದು, ಆಸಿಡ್ ಮತ್ತೆ ತಾಗದಂತೆ ಅವುಗಳ ಮೇಲೆ ವಾರ್ನಿಷ್ ಹಚ್ಚಿದೆ. ಮುಂಭಾಗದ ದೋಣಿ ಮತ್ತೆ ಆಸಿಡ್‌ಗೆ ಇಳಿದು ಅರ್ಧ ಗಂಟೆ ಇತ್ತು. ಒಂದೇ ಸೂಜಿ, ಆದರೂ ದೂರದ್ದು ಹೊಗೆಯಂತೆ ತೆಳುವಾಯಿತು, ಹತ್ತಿರದ್ದು ಗಾಢವಾಯಿತು.

ಒದ್ದೆ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಒಡಲಿನ ಗೆರೆಗಳಲ್ಲಿ ಶಾಯಿ ಕಾಗದದ ಮೇಲೆ ಉಬ್ಬಿ ನಿಂತಿತ್ತು, ನೀರಿನ ಜಾಗ ನುಣ್ಣಗಿತ್ತು.