ಹತ್ತರಲ್ಲಿ ಏಳು: ಗೊತ್ತಿಲ್ಲದ ಊರಲ್ಲಿ ತಿಂಡಿ ಹುಡುಕಿದ ನನ್ನ ಅನುಭವ

ಕೆಲಸದ ಮೇಲೆ ತಿಂಗಳಲ್ಲಿ ಹತ್ತು ಹನ್ನೆರಡು ದಿನ ಯಾವುದೋ ಊರಲ್ಲಿ ಇರುತ್ತೇನೆ. ಮಧ್ಯಾಹ್ನ, ರಾತ್ರಿ ಹೇಗೋ ನಡೆಯುತ್ತದೆ. ಬೆಳಗಿನ ತಿಂಡಿ ಕೆಟ್ಟರೆ ಮಾತ್ರ ಇಡೀ ದಿನ ಮೂತಿ ಊದಿಸಿಕೊಂಡೇ ಕಳೆಯುತ್ತದೆ. ಅದಕ್ಕೇ ತಿಂಡಿ ಹೋಟೆಲ್ ಹುಡುಕೋದಕ್ಕೆ ನನ್ನದೇ ಒಂದು ದಾರಿ ಮಾಡಿಕೊಂಡೆ. ಶುರುವಿನಲ್ಲಿ ಜೊತೆಯವರೆಲ್ಲ ನಕ್ಕರು. "ಒಂದು ತಿಂಡಿಗೆ ಇಷ್ಟೊಂದು ಲೆಕ್ಕಾನಾ ಮಾರಾಯ?" ಅಂದವನೇ ಈಗ ರಾತ್ರಿ ಹತ್ತಕ್ಕೆ ಮೆಸೇಜ್ ಹಾಕುತ್ತಾನೆ, "ನಾಳೆ ಎಲ್ಲಿಗೆ?" ಅಂತ.

ಮ್ಯಾಪ್ ತೆಗೆದು ಹುಡುಕೋದು, ಸ್ಟಾರ್ ನೋಡೋದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಕೈ ಸುಟ್ಟುಕೊಂಡ ಕಥೆ ಮೊದಲು ಹೇಳುತ್ತೇನೆ.

ಒಂದೂರಲ್ಲಿ 4.6 ಸ್ಟಾರ್ ಇದ್ದ ಹೋಟೆಲಿಗೆ ಬೆಳಗ್ಗೆ ಎಂಟಕ್ಕೆ ಹೋದೆ. ಸಾವಿರಕ್ಕೂ ಮೇಲೆ ರಿವ್ಯೂ. ಒಳಗೆ ನಾನೊಬ್ಬನೇ. ಅರ್ಧ ಕುರ್ಚಿಗಳು ಇನ್ನೂ ಟೇಬಲ್ ಮೇಲೆ ಬೋರಲಾಗಿದ್ದವು. ಆಮ್ಲೆಟ್ ಬಂತು: ಅಂಚು ಕರಕಲು, ನಡುವೆ ಲೋಳೆ. ಕಾಫಿ ಉಗುರು ಬೆಚ್ಚಗೆ. ಸಿಟ್ಟಲ್ಲಿ ರೂಮಿಗೆ ಬಂದು ರಿವ್ಯೂಗಳನ್ನು ಒಂದೊಂದಾಗಿ ಓದುತ್ತಾ ಕೂತೆ. ಎಂಬತ್ತಾದರೂ ಓದಿರಬೇಕು. ಬೆಳಗಿನ ಮಾತು ಎತ್ತಿದವರು ಮೂರೇ ಜನ, ಮೂವರೂ ಬೈದಿದ್ದರು. ಮಿಕ್ಕವರೆಲ್ಲ ರಾತ್ರಿ ಊಟದವರು. ರಾತ್ರಿ ಅಡುಗೆ ಮಾಡುವವರು ಬೇರೆ, ಬೆಳಗ್ಗೆ ಒಲೆ ಹಚ್ಚುವವರು ಬೇರೆ. ಸ್ಟಾರ್ ಮಾತ್ರ ಇಬ್ಬರಿಗೂ ಸೇರಿ ಒಂದೇ. ನನ್ನ ದಾರಿ ಶುರುವಾಗಿದ್ದು ಅವತ್ತೇ.

ದುಡ್ಡು ಕಳೆದುಕೊಂಡಿದ್ದು ಇನ್ನೊಂದು ಕಡೆ. ಒಂದು ಆ್ಯಪ್‌ಗೆ ವರ್ಷದ ಮೆಂಬರ್‌ಶಿಪ್ ಕಟ್ಟಿದೆ. ಬ್ರಂಚ್‌ಗೆ, ಅಂದರೆ ತಿಂಡಿ ಊಟ ಎರಡೂ ಸೇರಿಸಿ ತಡವಾಗಿ ತಿನ್ನೋದಕ್ಕೆ, ಒಂದು ತಗೊಂಡರೆ ಇನ್ನೊಂದು ಪುಕ್ಕಟೆ ಅಂತ. ನಾನು ಓಡಾಡೋದು ಒಬ್ಬನೇ, ಪುಕ್ಕಟೆ ಪ್ಲೇಟು ಯಾರ ಬಾಯಿಗೆ? ಕಟ್ಟುವಾಗ ಇದು ಹೊಳೆಯಲೇ ಇಲ್ಲ. ವರ್ಷದಲ್ಲಿ ಬಳಸಿದ್ದು ನಾಲ್ಕು ಸಲ, ಅದರಲ್ಲಿ ಮೂರು ಕಡೆ ಟೇಬಲ್‌ಗಳೆಲ್ಲ ಖಾಲಿ. ಯೋಚನೆ ಮಾಡಿ, ಕ್ಯೂ ನಿಲ್ಲುವ ಹೋಟೆಲ್ ಯಾಕೆ ಪುಕ್ಕಟೆ ಕೊಡುತ್ತೆ? ಅಷ್ಟು ದುಡ್ಡಲ್ಲಿ ನನ್ನ ಮೂರು ತಿಂಗಳ ತಿಂಡಿ ಆಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಲಾಡ್ಜ್‌ನ ಕೌಂಟರಿನಲ್ಲಿ ಕೇಳೋದನ್ನೂ ಮಾಡಿ ನೋಡಿದೆ. ಅವರು ತೋರಿಸೋದು ಪಕ್ಕದ ಕಟ್ಟಡ, ಇಲ್ಲಾ ಪರಿಚಯದವರದ್ದು. ಹತ್ತು ಸಲ ಕೇಳಿದರೆ ಎರಡು ಸಲ ಉಪಯೋಗವಾಗಿರಬಹುದು.

ಈಗ ನಾನು ಮಾಡೋದು ಇಷ್ಟು. ರಾತ್ರಿ ಮಲಗೋ ಮುಂಚೆ ಗೂಗಲ್ ಮ್ಯಾಪ್‌ನಲ್ಲಿ ರಿವ್ಯೂಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿಕೊಳ್ಳುತ್ತೇನೆ. ಮೂರು ತಿಂಗಳಿಗಿಂತ ಹಳೆಯದನ್ನು ಓದೋದೇ ಇಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ ಬಾಗಿಲು ತೆರೆದ ಮೊದಲ ಆರು ತಿಂಗಳ ಹೊಗಳಿಕೆ ವರ್ಷಗಟ್ಟಲೆ ಸ್ಟಾರ್ ಹಿಡಿದು ನಿಲ್ಲಿಸಿರುತ್ತದೆ. ಆಮೇಲೆ ರಿವ್ಯೂಗಳ ಒಳಗೇ ಎರಡು ಪದ ಹುಡುಕುತ್ತೇನೆ. ಒಂದು 'ಬೆಳಗ್ಗೆ', ಆ ಊರಿನ ಭಾಷೆಯಲ್ಲಿ. ಇನ್ನೊಂದನ್ನು ಹೇಳಲ್ಲ. ಅದನ್ನು ಕಂಡುಕೊಳ್ಳೋಕೆ ನನಗೆ ಒಂದು ವರ್ಷ ಹಿಡಿಯಿತು, ನೀವೂ ಸ್ವಲ್ಪ ಒದ್ದಾಡಿ.

ಆಮೇಲೆ ಫೋಟೋ. ತಟ್ಟೆ ನೋಡಬೇಡಿ. ತಟ್ಟೆಗೆ ಎಲ್ಲರೂ ಸಿಂಗಾರ ಮಾಡುತ್ತಾರೆ. ತಟ್ಟೆಯ ಹಿಂದೆ ನೋಡಿ. ಕಿಟಕಿಯಿಂದ ಬೆಳಕು ಓರೆಯಾಗಿ ಬಿದ್ದಿದೆಯಾ, ಬಲ್ಬ್ ಉರಿಯುತ್ತಿದೆಯಾ? ಪಕ್ಕದ ಟೇಬಲ್‌ನಲ್ಲಿ ಕೂತವರ ಕಾಲ ಬಳಿ ಬ್ಯಾಗ್ ಇದೆಯಾ? ಕೆಲಸಕ್ಕೆ ಹೋಗೋ ಜನ ಕೆಟ್ಟ ತಿಂಡಿಗೆ ಎರಡನೇ ಸಲ ಬರಲ್ಲ. ಒಂದೇ ಹೋಟೆಲಿನ ಆಮ್ಲೆಟ್ ಬೇರೆ ಬೇರೆ ತಿಂಗಳ ಫೋಟೋದಲ್ಲಿ ಒಂದೇ ಬಣ್ಣಕ್ಕೆ ಬಂದಿದ್ದರೆ ಒಲೆ ಮುಂದೆ ಒಬ್ಬರೇ ನಿಂತಿದ್ದಾರೆ ಅಂತ ಅರ್ಥ.

ಯಾವ ಹೊತ್ತಿಗೆ ಜನ ಜಾಸ್ತಿ ಅಂತ ತೋರಿಸುವ ಕಂಬಗಳ ಗ್ರಾಫ್ ಇದೆಯಲ್ಲ, ಅದನ್ನು ಭಾನುವಾರದ್ದು ನೋಡಿ ನಾನು ಎಷ್ಟೋ ಸಲ ಮೋಸ ಹೋಗಿದ್ದೇನೆ. ಈಗ ನೋಡೋದು ಮಂಗಳವಾರದ್ದು. ಏಳರಿಂದ ಒಂಬತ್ತರ ನಡುವೆ ಕಂಬ ಎದ್ದಿದ್ದರೆ ಸಾಕು. ಆ ಗ್ರಾಫ್ ಬರೋದು ಜನರ ಫೋನ್ ಎಲ್ಲಿದೆ ಅನ್ನೋ ಲೆಕ್ಕದಿಂದ. ಆರು ಟೇಬಲ್‌ನ ಚಿಕ್ಕ ಹೋಟೆಲಿಗೆ ಅಷ್ಟು ಫೋನ್ ಬರಲ್ಲ, ಗ್ರಾಫೇ ಇರಲ್ಲ. ಇಲ್ಲ ಅಂತ ತಳ್ಳಿಹಾಕಿ ಒಳ್ಳೊಳ್ಳೆ ಜಾಗ ಕಳೆದುಕೊಂಡಿದ್ದೇನೆ.

ಹೀಗೆ ಮೂರು ಹೆಸರು ಉಳಿಸಿಕೊಂಡು ಬೆಳಗ್ಗೆ ಆರೂಮುಕ್ಕಾಲಿಗೆ ಮೊದಲನೆಯದರ ಎದುರು ನಿಲ್ಲುತ್ತೇನೆ. ಹತ್ತು ನಿಮಿಷ ಸುಮ್ನೆ ನಿಲ್ಲೋದು, ಅಷ್ಟೇ. ಈಚೆಗೆ ಒಂದು ಕಡೆ ಶಟರ್ ಅರ್ಧ ಎತ್ತಿತ್ತು. ಒಬ್ಬ ಬಗ್ಗಿಕೊಂಡು ಮೊಟ್ಟೆ ಟ್ರೇ ಒಳಗೆ ತೆಗೆದುಕೊಂಡು ಹೋದ. ಎರಡನೇ ಟ್ರೇ ಎತ್ತುವಾಗ ಒಂದು ಮೊಟ್ಟೆ ಬಿರಿದಿದ್ದು ಕಂಡು, ಅದನ್ನು ಬೇರೆ ತೆಗೆದು ಮೋರಿ ಪಕ್ಕದ ಕಸದ ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡು ಬಂದು ಮತ್ತೆ ಟ್ರೇ ಮುಟ್ಟಿದ. ನಾನು ಬೇರೆ ಏನೂ ನೋಡಲಿಲ್ಲ, ಒಳಗೆ ಹೋದೆ. ಮೊದಲು ಒಂದು ಕಾಫಿ, ಒಂದು ಮೊಟ್ಟೆ. ಅದು ಸರಿಯಿದ್ದರೆ ಮಾತ್ರ ಮುಂದಿನ ಆರ್ಡರ್. ಕೆಟ್ಟಿದ್ದರೆ ಪೂರ್ತಿ ತಿಂಡಿಯ ಕಾಲು ಭಾಗ ದುಡ್ಡಲ್ಲಿ ಎದ್ದು ಎರಡನೇ ಹೆಸರಿಗೆ ಹೋಗಬಹುದು. ಅವತ್ತು ಏಳಲಿಲ್ಲ.

ಬ್ರಂಚ್ ಇನ್ನೂ ತಲೆನೋವು. ಆ ಪದ ಹುಟ್ಟಿದ್ದೇ 1895ರಲ್ಲಿ, ಇಂಗ್ಲೆಂಡಿನ ಗೈ ಬೆರಿಂಜರ್ ಅನ್ನೋ ಬರಹಗಾರ ಶನಿವಾರ ರಾತ್ರಿ ತಡವಾಗಿ ಮಲಗುವವರ ಪರ ವಾದ ಮಾಡಿದಾಗ. ನಿದ್ದೆಗಣ್ಣಲ್ಲಿ ಬಂದವರು ಏನು ಕೊಟ್ಟರೂ ತಿನ್ನುತ್ತಾರೆ ಅಂತ ಕೆಲವು ಹೋಟೆಲ್‌ನವರು ಅಂದುಕೊಂಡ ಹಾಗಿದೆ. ಬಫೆ ಇಟ್ಟ ಕಡೆ ನಾನೊಂದು ಹುಚ್ಚು ಪ್ರಯೋಗ ಮಾಡಿದೆ. ಚುಚ್ಚಿ ನೋಡುವ ಪುಟ್ಟ ಥರ್ಮಾಮೀಟರ್ ಜೇಬಲ್ಲಿ ಇಟ್ಟುಕೊಂಡು ಹೋಗಿ, ನನ್ನ ತಟ್ಟೆಗೆ ಬಡಿಸಿಕೊಂಡ ತಕ್ಷಣ ಚುಚ್ಚುತ್ತಿದ್ದೆ. ಬಡಿಸೋ ತನಕ ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ ಇರಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎಂಟು ಹತ್ತು ಕಡೆ ನೋಡಿರಬೇಕು. ಬಾಗಿಲು ತೆರೆದ ಅರ್ಧ ಗಂಟೆಯಲ್ಲಿ 65ರ ಸುತ್ತ ಇದ್ದ ಮೊಟ್ಟೆ ಹನ್ನೆರಡೂವರೆಗೆ 45ರ ಹತ್ತಿರ. ಒಂದು ಕಡೆ ಮ್ಯಾನೇಜರ್ ನೋಡಿ, "ಸಾರ್, ತಾವು ಇನ್ಸ್‌ಪೆಕ್ಟರಾ?" ಅಂತ ಕೇಳಿದರು. ಅಲ್ಲ ಅಂದೆ. ಮುಖ ಗಂಟಿಕ್ಕಿಕೊಂಡು ಹೋದರು. ಥರ್ಮಾಮೀಟರ್ ಈಗ ಮನೆಯಲ್ಲಿ ಹಾಲು ನೋಡೋಕೆ ಇದೆ.

ಆದರೆ ಅದರಿಂದ ಒಂದು ಕಲಿತೆ. ಬ್ರಂಚ್‌ಗೆ ಹೋದರೆ ಬಾಗಿಲು ತೆರೆದ ಹದಿನೈದು ನಿಮಿಷದ ಒಳಗೆ ಹೋಗಬೇಕು, ಇಲ್ಲಾ ಕೇಳಿದ ಮೇಲೆ ಮಾಡಿಕೊಡೋ ಕಡೆ ಹೋಗಬೇಕು. ವಾರವಿಡೀ ತಿಂಡಿ ಮಾಡಿ, ಭಾನುವಾರ ಅದೇ ಒಲೆಯನ್ನು ಹನ್ನೆರಡರ ತನಕ ಎಳೆಯುವ ಹೋಟೆಲ್ ನನಗೆ ಕೈಕೊಟ್ಟಿದ್ದು ಕಮ್ಮಿ. ಭಾನುವಾರ ಮಾತ್ರ ಹನ್ನೊಂದಕ್ಕೆ ತೆರೆದು ಬಲೂನ್ ಕಟ್ಟುವ ಕಡೆ ಜೇಬು ಜಾಸ್ತಿ ಖಾಲಿಯಾಗಿದೆ, ಹೊಟ್ಟೆ ಜಾಸ್ತಿ ತುಂಬಿಲ್ಲ.

ಸ್ಟಾರ್ ಹಿಂದೆ ಮಾಲೀಕರು ಯಾಕೆ ಓಡುತ್ತಾರೆ ಅಂತ ಒಮ್ಮೆ ಹುಡುಕಿದ್ದೆ. ಹಾರ್ವರ್ಡ್‌ನ ಮೈಕೆಲ್ ಲೂಕಾ ಅನ್ನೋರು 2011ರಲ್ಲಿ ಸಿಯಾಟಲ್‌ನ ಹೋಟೆಲ್‌ಗಳ ಲೆಕ್ಕ ತೆಗೆದಿದ್ದರು. ಯೆಲ್ಪ್ ಅನ್ನೋ ಅಮೆರಿಕದ ರಿವ್ಯೂ ಸೈಟ್‌ನಲ್ಲಿ ಒಂದು ಸ್ಟಾರ್ ಏರಿದರೆ ವ್ಯಾಪಾರ 5ರಿಂದ 9 ಪರ್ಸೆಂಟ್ ಏರುತ್ತಿತ್ತಂತೆ. ಅದೂ ಚೈನ್ ಹೋಟೆಲ್‌ಗಳಿಗಲ್ಲ, ಸ್ವಂತವಾಗಿ ನಡೆಸುವವರಿಗೆ. ಅಷ್ಟು ದುಡ್ಡು ಕಣ್ಣೆದುರು ಇದ್ದಾಗ ನೆಂಟರಿಷ್ಟರಿಂದ ಐದೈದು ಸ್ಟಾರ್ ಒತ್ತಿಸದೇ ಇರ್ತಾರಾ?

ಸುಮಾರು ಎರಡೂವರೆ ವರ್ಷದಲ್ಲಿ ನೂರ ನಲವತ್ತು ಹೋಟೆಲ್ ಆಗಿದೆ ಅಂತ ನನ್ನ ಅಂದಾಜು. ಮೊದಲು ಹತ್ತಕ್ಕೆ ಮೂರು ಸಿಕ್ಕರೆ ಹೆಚ್ಚು. ಈಗ ಏಳು. ತಿಂಡಿ ಖರ್ಚೂ ಮೂರರಲ್ಲೊಂದು ಭಾಗ ಇಳಿದಿದೆ, ಯಾಕೆಂದರೆ ತಿನ್ನಲಾರದೆ ಬಿಟ್ಟು ಬರೋದು ನಿಂತಿದೆ. ನಕ್ಕವರ ಮುಂದೆ ಈ ಲೆಕ್ಕವನ್ನು ಆಗಾಗ ಎತ್ತುತ್ತಿರುತ್ತೇನೆ, ಸುಳ್ಳೇಕೆ ಹೇಳಲಿ.

ತಪ್ಪುವ ಮೂರರಲ್ಲಿ ಒಂದು ವಾರದ ರಜೆಯದ್ದು. ಮ್ಯಾಪ್‌ನಲ್ಲಿ 'ತೆರೆದಿದೆ' ಅಂತ ಇರುತ್ತದೆ, ಹೋದರೆ ಬೀಗ. ಹೋದ ತಿಂಗಳು ಹೀಗೇ ಆಯಿತು. ಜೊತೆಗೆ ಆ ಮೆಸೇಜ್ ಹಾಕುವ ಗೆಳೆಯ ಬೇರೆ ಬಂದಿದ್ದ. ಬೀಗ ನೋಡಿ, ನನ್ನ ಮುಖ ನೋಡಿ, ಏನೂ ಮಾತಾಡದೆ ಎದುರಿನ ಬೇಕರಿಗೆ ಹೋಗಿ ಎರಡು ಬನ್ ತಂದ. ಬನ್ ಚೆನ್ನಾಗಿತ್ತು. ಈಗ ಹಿಂದಿನ ರಾತ್ರಿಯೇ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ.