ಪೈಕ್, ಮಸ್ಕಿ ಮೀನಿಗೆ ಲೀಡರ್ ಆರಿಸುವುದು ಹೇಗೆ?

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚಿದವರಿಗೆಲ್ಲ ಅಲ್ಲಿನ ಮೀನುಗಳ ಬಾಯಿ ನೆನಪಿರುತ್ತದೆ. ದುಂಡಗೆ ತೆರೆದು, ತೇಲುವ ಮಂಡಕ್ಕಿಯನ್ನು ನೀರಿನ ಸಮೇತ ಹೀರಿಕೊಳ್ಳುವ ಬಾಯಿ. ಮಹಶೀರ್ ಮೀನಿನ ದವಡೆಯಲ್ಲಿ ಒಂದು ಹಲ್ಲೂ ಇಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಅದನ್ನು ನೋಡುತ್ತ ಬೆಳೆದ ನನಗೆ, ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಬಂದು ನೆಲೆಸಿದ ಮೇಲೆ ಪೈಕ್ ಮೀನಿನ ಬಾಯಿ ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು.

ಪೈಕ್‌ನದು ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ. ಕೆಳದವಡೆಯ ಎರಡೂ ಬದಿಗೆ ಎದ್ದು ನಿಂತ ಕೋರೆಹಲ್ಲು. ಅಂಗುಳಿನ ತುಂಬ ಸೂಜಿಯಂಥ ಸಣ್ಣ ಹಲ್ಲುಗಳು, ಎಲ್ಲವೂ ಗಂಟಲಿನ ಕಡೆಗೆ ಬಾಗಿದವು. ಸಿಕ್ಕ ಬೇಟೆ ಒಳಗೆ ಜಾರಬಹುದು, ಹೊರಗೆ ಬರುವಂತಿಲ್ಲ. ಇದರದೇ ಕುಲದ ದೊಡ್ಡಣ್ಣ ಮಸ್ಕಿ, ಪೂರ್ತಿ ಹೆಸರು ಮಸ್ಕೆಲಂಜ್. ಇದು ಉತ್ತರ ಅಮೆರಿಕದ ಮೀನು. ವಿಸ್ಕಾನ್ಸಿನ್ 1955ರಲ್ಲೇ ಇದನ್ನು ತನ್ನ ರಾಜ್ಯದ ಮೀನು ಮಾಡಿಕೊಂಡಿತು. ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದಲ್ಲಿ 2021ರ ನವೆಂಬರಿನಲ್ಲಿ ಗಾಳಕ್ಕೆ ಸಿಕ್ಕ ಒಂದು ಮಸ್ಕಿ 55 ಪೌಂಡ್ 14.8 ಔನ್ಸ್ ತೂಗಿತು, ಅಂದರೆ 25 ಕಿಲೊಗೂ ಮೇಲೆ. ಇಲ್ಲಿ ಇದನ್ನು ‘ಹತ್ತು ಸಾವಿರ ಎಸೆತದ ಮೀನು’ ಎನ್ನುತ್ತಾರೆ. ಅಷ್ಟು ಸಲ ಗಾಳ ಎಸೆದರೆ ಒಂದು ಕಚ್ಚೀತು ಎಂಬ ಲೆಕ್ಕ.

ಈ ಎರಡು ಮೀನಿನ ಹಲ್ಲಿಗೂ ನಮ್ಮ ದಾರಕ್ಕೂ ನಡುವೆ ಕಟ್ಟುವ ಒಂದಡಿಯ ಗಟ್ಟಿ ತುಂಡೇ ಲೀಡರ್. ಕರಾವಳಿಯಲ್ಲಿ ಅಂಜಲ್‌ಗೆ ಗಾಳ ಹಾಕುವವರು ದಾರದ ತುದಿಗೆ ಉಕ್ಕಿನ ತಂತಿ ಕಟ್ಟುತ್ತಾರಲ್ಲ, ಅದೇ ಉಪಾಯ.

ಇದು ಯಾಕೆ ಬೇಕು ಎಂದು ನಾನು ಕಲಿತದ್ದು ಮಿನ್ನೆಟೊಂಕ ಸರೋವರದಲ್ಲಿ, ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ. ಬೇರೆ ಮೀನಿಗೆಂದು 12 ಪೌಂಡಿನ, ಅಂದರೆ ಅಷ್ಟು ಭಾರದ ಎಳೆತ ತಡೆಯುವ, ನೈಲಾನ್ ದಾರಕ್ಕೆ ಹಳದಿ ಬಣ್ಣದ ಲ್ಯೂರ್, ಅಂದರೆ ಮೀನಿನಾಕಾರದ ಕೃತಕ ಎರೆ, ಕಟ್ಟಿ ಎಸೆದಿದ್ದೆ. ಪೈಕ್ ಬಂದು ಕಚ್ಚಿತು. ಒಂದೇ ಜಗ್ಗು, ಕೈಯಲ್ಲಿದ್ದ ಭಾರ ಇಳಿದುಹೋಯಿತು. ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದಂತಿತ್ತು. ಮರುಕ್ಷಣ ದೋಣಿಯ ಪಕ್ಕದಲ್ಲೇ ಆ ಮೀನು ನೀರಿನಿಂದ ಮೇಲೆದ್ದು ತಲೆ ಕೊಡವಿತು. ಲ್ಯೂರಿನ ಮುಂದಿನ ಮುಮ್ಮೊನೆ ಗಾಳ ಮೇಲ್ದವಡೆಗೆ, ಹಿಂದಿನದು ಕೆಳದವಡೆಗೆ ನೆಟ್ಟಿತ್ತು. ಬಾಯಿ ಹೊಲಿದು ಬಿಟ್ಟಂತೆ. ಮತ್ತೆ ಮುಳುಗಿತು. ಅದು ಆಮೇಲೆ ಹೇಗೆ ಬೇಟೆಯಾಡಿರಬಹುದು ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. 50 ಇಂಚಿನ ಮಸ್ಕಿ ಆಗಬೇಕಾದರೆ ಸುಮಾರು 15 ವರ್ಷ ಬೇಕು. ಹಿಡಿದು ಬಿಟ್ಟುಬಿಡುವ ಮೀನು ಅದು. ಅಂಥದ್ದರ ಬಾಯಲ್ಲಿ ಗಾಳ ಬಿಟ್ಟು ಬರುವ ಹಾಗಿಲ್ಲ. ಕೆಳಗಿನ ಎಲ್ಲ ಮಾತನ್ನೂ ಈ ಒಂದೇ ಅಳತೆಗೋಲಿನಲ್ಲಿ ತೂಗಿ ಬರೆದಿದ್ದೇನೆ.

ಹೆಜ್ಜೆ 1: ಹೆಣೆದ ದಾರವನ್ನು ನಂಬಬೇಡಿ

ಮಸ್ಕಿಗೆ ರೀಲಿನಲ್ಲಿ 80ರಿಂದ 100 ಪೌಂಡಿನ ಹೆಣೆದ ದಾರ ಸುತ್ತುತ್ತಾರೆ, ಪೈಕ್‌ಗೆ 30ರಿಂದ 50 ಪೌಂಡಿನದು ಸಾಕು. ‘ನೂರು ಪೌಂಡಿನ ದಾರ ಇರುವಾಗ ಮತ್ತೆ ಲೀಡರ್ ಯಾಕೆ?’ ಎಂದು ಹೊಸಬರೆಲ್ಲ ಕೇಳುತ್ತಾರೆ. ದಾರದ ಮೇಲೆ ಬರೆದ ಪೌಂಡು ಎಳೆತಕ್ಕೆ ಹೇಳಿದ್ದು, ಕುಯ್ತಕ್ಕೆ ಅಲ್ಲ. ಹೆಣೆದ ದಾರ ಕೂದಲಿನಂಥ ನೂರಾರು ಎಳೆಗಳ ಜಡೆ. ಬಿಗಿಯಾಗಿ ಎಳೆದು ನಿಂತಾಗ ಹಲ್ಲು ತಾಗಿದರೆ ಎಳೆಗಳು ಒಂದೊಂದಾಗಿ ಹೋಗುತ್ತವೆ. ಮನೆಯಲ್ಲೇ ನೋಡಬಹುದು: ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಚಾಕುವಿನ ಅಂಚನ್ನು ಸುಮ್ಮನೆ ತಾಗಿಸಿ.

ಹೆಜ್ಜೆ 2: ತಂತಿಯೋ, ಫ್ಲೋರೋಕಾರ್ಬನ್ನೋ?

ಅಂಗಡಿಗೆ ಹೋದರೆ ನಾಲ್ಕು ಬಗೆ ಸಿಗುತ್ತವೆ.

ಒಂಟಿ ಎಳೆಯ ಉಕ್ಕಿನ ತಂತಿ ಬಿರುಸು, ಅಗ್ಗ. ಎಳೆದು ನಿಲ್ಲಿಸಿ, ಎಳೆದು ನಿಲ್ಲಿಸಿ ಅತ್ತಿತ್ತ ಹೊರಳುವಂತೆ ಆಡಿಸುವ ಮರದ ಲ್ಯೂರುಗಳಿಗೆ ನನ್ನ ಆಯ್ಕೆ ಇದೇ. ಅಂಥ ಲ್ಯೂರ್ ಪಕ್ಕಕ್ಕೆ ತಿರುಗಿದಾಗ ಮೆತ್ತಗಿನ ಲೀಡರ್ ಸಡಿಲವಾಗಿ ಮುಂದಿನ ಗಾಳಕ್ಕೆ ಸಿಕ್ಕಿಕೊಳ್ಳುತ್ತದೆ, ಎಸೆತ ವ್ಯರ್ಥ. ಬಿರುಸಾದ ತಂತಿ ಹಾಗೆ ಮಾಡುವುದಿಲ್ಲ. ಒಮ್ಮೆ ಮುರುಟಿತೆಂದರೆ ಮಾತ್ರ ಅದರ ಕೆಲಸ ಮುಗಿಯಿತು. ನೆಟ್ಟಗೆ ಮಾಡಿ ಮತ್ತೆ ಕಟ್ಟುವ ಆಸೆ ಬೇಡ. ಮುರುಟಿದ ಜಾಗದಲ್ಲೇ ಮುರಿಯುತ್ತದೆ.

ಏಳು ಎಳೆ ಹೊಸೆದ ಉಕ್ಕಿನ ತಂತಿ ಹೆಚ್ಚು ಬಾಗುತ್ತದೆ. ಜೀವಂತ ಎರೆ ಕಟ್ಟುವವರಿಗೆ, ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಗಾಳ ಇಳಿಸುವವರಿಗೆ ಇದು ಅನುಕೂಲ. ಬಳಸುತ್ತ ಬಳಸುತ್ತ ಸುರುಳಿ ಸುತ್ತಿಕೊಳ್ಳುತ್ತದೆ, ಎಳೆಯೊಂದು ಬಿಚ್ಚಿದರೆ ಬೆರಳಿಗೆ ಚುಚ್ಚಿ ತಾನೇ ತಿಳಿಸುತ್ತದೆ.

ಟೈಟಾನಿಯಂ ಎನ್ನುವುದು ನಿಜವಾಗಿ ನಿಕ್ಕಲ್ ಬೆರೆತ ಮಿಶ್ರಲೋಹ. ಬೆರಳಿಗೆ ಸುತ್ತಿ ಬಿಟ್ಟರೂ ನೆಟ್ಟಗಾಗುತ್ತದೆ. ಬೆಲೆ ಜಾಸ್ತಿ, ಆದರೆ ಒಂದೇ ಲೀಡರ್ ಬಹಳ ದಿನ ಬರುತ್ತದೆ. ಪೈಕ್ ಒಂದಕ್ಕೇ ಹೋಗುವವರು ಕೇಳಿದರೆ 30ರಿಂದ 50 ಪೌಂಡಿನ ಟೈಟಾನಿಯಂ ತೊಗೊಳ್ಳಿ ಎಂದು ಕಣ್ಣುಮುಚ್ಚಿ ಹೇಳುತ್ತೇನೆ.

ಇನ್ನು ಫ್ಲೋರೋಕಾರ್ಬನ್. ದಾರದಂತೆಯೇ ಕಾಣುವ, ಆದರೆ ನೈಲಾನಿಗಿಂತ ಗಡಸಾದ ಪ್ಲಾಸ್ಟಿಕ್. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ವಕ್ರೀಭವನಾಂಕ ನೀರಿಗೆ 1.33, ಇದಕ್ಕೆ 1.42, ನೈಲಾನಿಗೆ 1.5ರ ಮೇಲೆ. ನೀರಿನ ಅಂಕಿಗೆ ಇದೇ ಹತ್ತಿರ. ಆದ್ದರಿಂದ ತಿಳಿನೀರಿನಲ್ಲಿ ಇದು ಕಡಿಮೆ ಕಾಣುತ್ತದೆ. ಮಸ್ಕಿ ಬೇಟೆಯವರಲ್ಲಿ ಈಗ ಬಹುಪಾಲು ಜನ 100ರಿಂದ 130 ಪೌಂಡಿನ ಫ್ಲೋರೋಕಾರ್ಬನ್ ಕಟ್ಟುತ್ತಾರೆ. ಮೀನೇ 50 ಪೌಂಡ್ ದಾಟುವುದು ಅಪರೂಪವಾಗಿರುವಾಗ 130 ಯಾಕೆ? ದಪ್ಪಕ್ಕಾಗಿ. 100 ಪೌಂಡಿನದು ಸುಮಾರು 0.9 ಮಿ.ಮೀ. ದಪ್ಪ ಇರುತ್ತದೆ, ಹಲ್ಲು ಗೀರಿದರೂ ಒಂದಿಷ್ಟು ಉಳಿಯುತ್ತದೆ. ಜೊತೆಗೆ, ಎಂಟು ಔನ್ಸಿನ ಲ್ಯೂರನ್ನು ಬಲವಾಗಿ ಬೀಸಿದಾಗ ರೀಲಿನಲ್ಲಿ ದಾರ ಸಿಕ್ಕಾಗಿ ನಿಂತರೆ ಬೀಳುವ ಹೊಡೆತವೂ ಸಣ್ಣದಲ್ಲ.

ಒಂದು ಎಚ್ಚರಿಕೆ. ಫ್ಲೋರೋಕಾರ್ಬನ್ ಹಲ್ಲನ್ನು ತಡೆದುಕೊಳ್ಳುತ್ತದೆ, ಗೆಲ್ಲುವುದಿಲ್ಲ. 40 ಪೌಂಡಿನದನ್ನು ‘ಪೈಕ್ ಲೀಡರ್’ ಎಂದು ಮಾರುವುದನ್ನು ನೋಡಿದ್ದೇನೆ, ನಾನು ಅದನ್ನು ಕಟ್ಟುವುದಿಲ್ಲ. ದೊಡ್ಡ ಲ್ಯೂರ್ ಆದರೆ ಅದರ ಮೈಯೇ ಹಲ್ಲಿಗೂ ಲೀಡರಿಗೂ ನಡುವೆ ಅಡ್ಡ ಬರುತ್ತದೆ. ಸಣ್ಣ ರಬ್ಬರ್ ಮೀನನ್ನೋ ಜೀವಂತ ಎರೆಯನ್ನೋ ಪೈಕ್ ಗಂಟಲ ತನಕ ನುಂಗುತ್ತದೆ, ಆಗ ಲೀಡರ್ ಪೂರ್ತಿ ಹಲ್ಲಿನ ಸಾಲಿನ ಮಧ್ಯೆ ಇರುತ್ತದೆ. ಅಲ್ಲಿ ತಂತಿಯೇ ಆಗಬೇಕು. ತಂತಿ ಕಂಡು ಮೀನು ಹೆದರುತ್ತದೆ ಎಂಬ ಮಾತು ಇದೆ. ಓಡುವ ಲ್ಯೂರಿನ ಹಿಂದೆ ಬಿದ್ದ ಪೈಕ್ ತಂತಿ ನೋಡಿ ಹಿಂದೆ ಸರಿದಂತೆ ನನ್ನ ಅನುಭವಕ್ಕೆ ಬಂದಿಲ್ಲ.

ಹೆಜ್ಜೆ 3: ಉದ್ದ ಎಷ್ಟಿರಬೇಕು?

ಎಸೆದು ಎಳೆಯುವುದಾದರೆ 12ರಿಂದ 18 ಇಂಚು. ಪೈಕ್‌ಗೂ ಇಷ್ಟೇ.

ಮಸ್ಕಿಯಲ್ಲಿ ಉದ್ದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಈ ಮೀನು ಲ್ಯೂರಿನ ಹಿಂದೆಯೇ ದೋಣಿಯ ತನಕ ಬಂದು, ಕಚ್ಚದೆ ನೋಡುತ್ತ ನಿಲ್ಲುತ್ತದೆ. ಆಗ ಗಾಳದ ಕೋಲಿನ ತುದಿಯನ್ನು ನೀರಿಗೆ ಅದ್ದಿ, ಇಂಗ್ಲಿಷಿನ ಎಂಟರ ಅಂಕಿ ಬರೆದಂತೆ ಲ್ಯೂರನ್ನು ಅಗಲವಾಗಿ ಸುತ್ತಿಸುತ್ತಾರೆ. ಎಷ್ಟೋ ಮಸ್ಕಿ ಕಚ್ಚುವುದು ಆ ಸುತ್ತಿನಲ್ಲೇ. ಆ ಹೊತ್ತಿನಲ್ಲಿ ಕೋಲಿನ ತುದಿಯಿಂದ ಹೊರಗಿರುವುದು ಲೀಡರ್ ಮಾತ್ರ. ಮೂರಡಿ ಇದ್ದರೆ ಲ್ಯೂರ್ ಹೇಳಿದ ಕಡೆ ತಿರುಗುವುದಿಲ್ಲ. ಲೀಡರನ್ನು ಒಳಕ್ಕೆ ಸುತ್ತಿಕೊಳ್ಳೋಣವೆಂದರೆ ಸ್ವಿವೆಲ್, ಅಂದರೆ ದಾರ ಹುರಿಗೊಳ್ಳದಂತೆ ದಾರಕ್ಕೂ ಲೀಡರಿಗೂ ನಡುವೆ ತಿರುಗುವ ಲೋಹದ ತುಂಡು, ಹೋಗಿ ಕೋಲಿನ ತುದಿಯ ಉಂಗುರಕ್ಕೆ ಬಡಿದು ಅದರ ಸೆರಾಮಿಕ್ ಬಿರುಕು ಬಿಡುತ್ತದೆ.

ದೋಣಿ ಓಡಿಸುತ್ತ ಲ್ಯೂರನ್ನು ಹಿಂದೆ ಎಳೆದೊಯ್ಯುವ ಟ್ರೋಲಿಂಗಿನಲ್ಲಿ ಲೆಕ್ಕ ಬೇರೆ. ಅಲ್ಲಿ ಮೂರರಿಂದ ಐದಡಿ ಬೇಕು. ಸಿಕ್ಕ ಮಸ್ಕಿ ಮೊಸಳೆಯಂತೆ ಉರುಳಿ ದಾರವನ್ನು ಮೈಗೆ ಸುತ್ತಿಕೊಳ್ಳುತ್ತದೆ. ಅದರ ಕಿವಿರಿನ ಅಂಚೂ ದಾರ ಕುಯ್ಯುವಷ್ಟು ಹರಿತ.

ಹೆಜ್ಜೆ 4: ಕೊಂಡಿಯನ್ನು ಮೊದಲು ನೋಡಿ

ಕೊಳ್ಳುವವರು ತಂತಿಯನ್ನು ಹತ್ತು ಸಲ ಮುಟ್ಟಿ ನೋಡುತ್ತಾರೆ, ಲ್ಯೂರ್ ಸಿಕ್ಕಿಸುವ ತುದಿಯ ಕೊಂಡಿಯನ್ನು ನೋಡುವುದಿಲ್ಲ. ಲೀಡರ್ ಕೈಕೊಡುವುದು ಹೆಚ್ಚಾಗಿ ತಂತಿಯ ನಡುವೆ ಅಲ್ಲ, ಎರಡು ತುದಿಯಲ್ಲಿ. ಸೇಫ್ಟಿ ಪಿನ್ನಿನಂತೆ ತೆಳ್ಳಗೆ ಬಾಗಿಸಿ ಒತ್ತುವ ಕೊಂಡಿ ದೊಡ್ಡ ಮೀನಿನ ತಿರುಚಾಟಕ್ಕೆ ಬಾಯಿ ಬಿಡುತ್ತದೆ. ತಂತಿಯ ತುದಿ ತನ್ನ ಮೇಲೇ ಕೊಕ್ಕೆ ಹಾಕಿಕೊಂಡು ಬೀಗವಾಗುವ ಬಗೆಯ ಕೊಂಡಿ ಆರಿಸಿ. ಹೆಬ್ಬೆರಳಿನಿಂದ ಸಲೀಸಾಗಿ ತೆರೆದರೆ ಮೀನಿಗೂ ತೆರೆಯುತ್ತದೆ ಎಂದೇ ತಿಳಿಯಿರಿ. ಇನ್ನೊಂದು ತುದಿಗೆ ಬಾಲ್ ಬೇರಿಂಗ್ ಸ್ವಿವೆಲ್ ಇರಲಿ. ತಗಡು ತಿರುಗುವ ಲ್ಯೂರ್ ದಿನವಿಡೀ ಎಳೆದರೆ ಸಾದಾ ಸ್ವಿವೆಲ್ ಭಾರಕ್ಕೆ ತಿರುಗದೆ ದಾರವೆಲ್ಲ ಹುರಿಗೊಳ್ಳುತ್ತದೆ.

ಹಾಗೆಂದು ಎಲ್ಲಕ್ಕೂ ದಪ್ಪ ಕೊಂಡಿ ಹಾಕುವುದೂ ತಪ್ಪು. ನೀರಿನ ನಡುವೆ ತೂಗಿದಂತೆ ನಿಲ್ಲಬೇಕಾದ ಪೈಕ್ ಲ್ಯೂರಿಗೆ ಮಸ್ಕಿಯ ಲೀಡರ್ ಕಟ್ಟಿದರೆ ಮೂತಿ ಕೆಳಗಾಗಿ ಮುಳುಗುತ್ತದೆ. ದಡದಲ್ಲಿ ನಿಂತು ಮೊಣಕಾಲುದ್ದ ನೀರಿನಲ್ಲಿ ಒಮ್ಮೆ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಹೆಜ್ಜೆ 5: ಮನೆಯಲ್ಲೇ ಕಟ್ಟುವುದು

ಎರಡು ಚಳಿಗಾಲದಿಂದ ನನ್ನ ಫ್ಲೋರೋಕಾರ್ಬನ್ ಲೀಡರುಗಳನ್ನು ಅಡುಗೆಮನೆಯ ಮೇಜಿನ ಮೇಲೆ ನಾನೇ ಕಟ್ಟುತ್ತಿದ್ದೇನೆ. ದಾರವನ್ನು ಒತ್ತಿ ಹಿಡಿಯುವ ಎರಡು ಕೊಳವೆಯ ಸಣ್ಣ ಲೋಹದ ಕ್ರಿಂಪ್ ಬಳೆಗಳು, ಅವನ್ನು ಒತ್ತುವ ಒಳ್ಳೆಯ ಕ್ರಿಂಪ್ ಇಕ್ಕಳ, ಲೈಟರ್ ಇದ್ದರೆ ಸಾಕು.

ಹನ್ನೆರಡು ಇಂಚಿನ ಲೀಡರಿಗೆ ಇಪ್ಪತ್ತು ಇಂಚು ಕತ್ತರಿಸಿಕೊಳ್ಳಿ. ದಾರವನ್ನು ಬಳೆಯ ಒಂದು ಕೊಳವೆಯಿಂದ ತೂರಿಸಿ, ಸ್ವಿವೆಲ್ ಪೋಣಿಸಿ, ಇನ್ನೊಂದು ಕೊಳವೆಯಿಂದ ಹಿಂದಕ್ಕೆ ತನ್ನಿ. ಬಳೆಯ ತೂತು ದಾರಕ್ಕೆ ಸರಿಯಾಗಿ ಕೂರಬೇಕು. ತೂತು ದೊಡ್ಡದಾದರೆ ಎಷ್ಟು ಒತ್ತಿದರೂ ಜಾರುತ್ತದೆ. ಹೊರಗೆ ಉಳಿದ ತುದಿಯನ್ನು ಲೈಟರಿನ ಉರಿಯ ಪಕ್ಕಕ್ಕೆ ಹಿಡಿಯಿರಿ, ಉರಿಯೊಳಗೆ ಬೇಡ. ತುದಿ ಕರಗಿ ಸಾಸಿವೆ ಕಾಳಿನಂತೆ ಗುಂಡಗಾಗುತ್ತದೆ. ಆರಿದ ಮೇಲೆ ಆ ಗುಂಡು ಬಳೆಯ ಬಾಯಿಗೆ ಬಂದು ತಾಗುವ ತನಕ ಹಿಂದಕ್ಕೆಳೆಯಿರಿ. ಬಳೆ ಒಂದು ವೇಳೆ ಸಡಿಲವಾದರೂ ಈ ಗುಂಡು ತಡೆಯುತ್ತದೆ.

ಈಗ ಒತ್ತುವುದು. ಹೊಸಬರು ಎಡವುವುದು ಇಲ್ಲಿ. ಬಳೆಯ ಮಧ್ಯಭಾಗವನ್ನು ಮಾತ್ರ ಒತ್ತಿ. ಎರಡೂ ಅಂಚಿನಲ್ಲಿ ಒಂದು ಮಿಲಿಮೀಟರಿನಷ್ಟು ಒತ್ತದೆ ಬಿಟ್ಟರೆ ಅದು ತುತ್ತೂರಿಯ ಬಾಯಿಯಂತೆ ಸ್ವಲ್ಪ ಅರಳಿಕೊಂಡಿರುತ್ತದೆ. ಅಂಚಿನ ತನಕ ಒತ್ತಿದಿರೋ, ಬಳೆಯ ಲೋಹವೇ ದಾರವನ್ನು ಕಚ್ಚುತ್ತದೆ. ಆಮೇಲೆ ಪೈಕ್‌ನ ಹಲ್ಲೇ ಬೇಕಿಲ್ಲ. ಮಾಮೂಲಿ ಕಟಿಂಗ್ ಪ್ಲೇಯರಿನಲ್ಲಿ ಈ ಕೆಲಸ ಬೇಡ, ಅದು ಬಳೆಯನ್ನು ಚಪ್ಪಟೆ ಮಾಡಿ ದಾರ ಜಜ್ಜುತ್ತದೆ. ಇನ್ನೊಂದು ತುದಿಗೂ ಹೀಗೆಯೇ ಮಾಡಿ ಕೊಂಡಿ ಸೇರಿಸಿ.

ಆಮೇಲೆ ಪರೀಕ್ಷೆ. ಪರದೇಶದಲ್ಲಿರುವ ಕನ್ನಡದವರ ಮನೆಯಲ್ಲಿ ಊರಿಗೆ ಹೊರಡುವಾಗ ಸೂಟ್‌ಕೇಸ್ 23 ಕಿಲೊ ದಾಟಿತೇ ಎಂದು ನೋಡುವ ಕೊಕ್ಕೆ ತಕ್ಕಡಿ ಇದ್ದೇ ಇರುತ್ತದೆ. ಅದಕ್ಕೆ ಲೀಡರ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಟ್ಟಿಯಾದ ಮೊಳೆಗೆ ಹಾಕಿ, 20 ಕಿಲೊ ತೋರಿಸುವ ತನಕ ಒಂದೇ ಸಮನೆ ಎಳೆಯಿರಿ. ಕನ್ನಡಕ, ಕೈಗವಸು ಕಡ್ಡಾಯ. ಜಾರುವ ಬಳೆ ಇದ್ದರೆ ಇಲ್ಲೇ ಜಾರುತ್ತದೆ. ನಾನು ಮೊದಲು ಕಟ್ಟಿದ ಹತ್ತರಲ್ಲಿ ಮೂರು ಹೀಗೆ ಜಾರಿದವು. ಮೂರೂ ತೂತು ದೊಡ್ಡದಾದ ಬಳೆಯವು.

ಹೆಜ್ಜೆ 6: ನೀರಿನ ಮೇಲೆ

ಮಿನ್ನೆಸೋಟದಲ್ಲಿ ಮಸ್ಕಿಯ ಕಾಲ ಶುರುವಾಗುವುದು ಜೂನ್ ಮೊದಲ ಶನಿವಾರ. ಬಹುಪಾಲು ಸರೋವರಗಳಲ್ಲಿ 54 ಇಂಚಿಗಿಂತ ಕಡಿಮೆ ಇರುವುದನ್ನು ಇಟ್ಟುಕೊಳ್ಳುವಂತಿಲ್ಲ, ಅಂದರೆ ಸಿಕ್ಕದ್ದನ್ನೆಲ್ಲ ಹೆಚ್ಚುಕಡಿಮೆ ಬಿಡಲೇಬೇಕು. ಉದ್ದ ಮೂತಿಯ ಇಕ್ಕಳವನ್ನೂ, ಗಾಳದ ಉಕ್ಕು ಕತ್ತರಿಸುವ ಬೋಲ್ಟ್ ಕಟ್ಟರನ್ನೂ ಕೈಗೆ ಸಿಗುವಲ್ಲಿ ಇಡಿ. ಮೀನು ಬಲೆಯಲ್ಲಿ, ಬಲೆ ನೀರಿನಲ್ಲಿ ಇರುವಾಗಲೇ ಗಾಳ ಬಿಡಿಸಬೇಕು. ಬಿಡದಿದ್ದರೆ ಗಾಳದ ಮೊನೆ ಕತ್ತರಿಸಿ ತೆಗೆಯಿರಿ. ಗಾಳಕ್ಕೆ ಬೆಲೆಯಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಜೊತೆಗಿದ್ದ ಮಂಡ್ಯದ ಗೆಳೆಯನಿಗೆ ಅವನ ಮೊದಲ ಮಸ್ಕಿ ಸಿಕ್ಕಿತು, 41 ಇಂಚು. ಬಾಲ ಹಿಡಿದು ನೀರಿನಲ್ಲಿ ನಿಲ್ಲಿಸಿಕೊಂಡಿದ್ದ. ಒಂದು ನಿಮಿಷವಾಗಿರಬಹುದು, ಬಾಲ ಬೀಸಿ ಕೈ ಬಿಡಿಸಿಕೊಂಡು ಹೋಯಿತು. ಅವನು ಖುಷಿಗೆ ಮತ್ತೆ ಎಸೆಯಲು ಕೋಲೆತ್ತಿದ.

‘ತಡಿ ಮಾರಾಯ, ಲೀಡರ್ ನೋಡಿದ್ಯಾ?’ ಎಂದೆ.

‘ಚೆನ್ನಾಗೈತೆ ಕಣೋ, ನೋಡು.’

ಕಣ್ಣಿಗೆ ಚೆನ್ನಾಗಿಯೇ ಇತ್ತು. ಉಗುರಿನ ತುದಿಯನ್ನು ಲೀಡರಿನ ಮೇಲೆ ಕೊಂಡಿಯಿಂದ ಸ್ವಿವೆಲಿನ ತನಕ ನಿಧಾನಕ್ಕೆ ಎಳೆ ಎಂದು ಹೇಳಿದೆ. ಕೊಂಡಿಯಿಂದ ಎರಡಿಂಚು ಮೇಲೆ ಉಗುರು ಸಿಕ್ಕಿ ನಿಂತಿತು. ಸ್ವಲ್ಪ ತಿರುಗಿಸಿ ಎಳೆದ, ಅಲ್ಲೇ ಮತ್ತೊಂದು ಗೀರು. ಬಿಸಿಲಿಗೆ ಹಿಡಿದಾಗ ಬಿಳಿ ಗೆರೆಯಂತೆ ಕಂಡಿತು. ಅದನ್ನು ಬಿಚ್ಚಿ, ಯಾವ ಹಕ್ಕಿಯ ಕಾಲಿಗೂ ಸುತ್ತಿಕೊಳ್ಳದ ಹಾಗೆ ಸಣ್ಣ ತುಂಡು ಮಾಡಿ ಡಬ್ಬಿಗೆ ಹಾಕಿದ. ಡಬ್ಬಿಯ ಪಕ್ಕದಲ್ಲಿದ್ದ ಹೊಸದನ್ನು ಪ್ಯಾಲೊಮಾರ್ ಗಂಟಿನಲ್ಲಿ ಕಟ್ಟಿ, ಗಂಟಿಗೆ ಎಂಜಲು ಹಚ್ಚಿ ಬಿಗಿದು, ಎರಡು ಸಲ ಜಗ್ಗಿ ನೋಡಿ, ಆಮೇಲೆ ಎಸೆದ.